ಗೇಟುಮನೆಯವಳು ದಕ್ಷಿಣಕ್ಕೆ ಹೊರಟದ್ದು

ಏಪ್ರಿಲ್ 2

ಇವತ್ತು ಮತ್ತೆ ಅದೇ ಕಥೆ ಹೇಳಿದೆ. ಮೊದಲು ಹೇಳಿದವಳು ನಮ್ಮಮ್ಮ. ಈಗ ಸೈಕಲ್ಲಿನವರದಾಗಿರುವ ಈ ದಾರಿಯಲ್ಲಿ ರೈಲು ನಿಂತ ವರ್ಷ, ಚಳಿಗಾಲದಲ್ಲಿ, ಒಲೆಯ ಮುಂದೆ ಕೂತು ಅಕ್ರೋಟು ಒಡೆಯುತ್ತಾ. ರೈಲ್ವೆ ಗೇಟು ಕಾಯುವವಳೊಬ್ಬಳು ಜನ್ಮದಲ್ಲಿ ಒಂದೇ ಒಂದು ದಿನ, ಮದುವೆಯೂಟಕ್ಕೆಂದು, ಊರು ಬಿಟ್ಟಳಂತೆ. ತಿರುಗಿ ಬಂದು ನೋಡುತ್ತಾಳೆ — ಗೇಟು ಇದೆ, ಹಳಿ ಇದೆ, ಬಾವಿ ಇದೆ, ಮನೆ ಇಲ್ಲ! ಕಾದು ಕಾದು ಮನೆಗೇ ಬೇಸರ ಬಂದು, ಸಂಜೆಯ ರೈಲು ಹತ್ತಿ ಹೊರಟುಹೋಗಿತ್ತಂತೆ.

ಕೇಳಿದವರು ಉತ್ತರದ ಕಡೆಯ ಗಂಡ ಹೆಂಡತಿ. ಸೈಕಲ್ ಒರಗಿಸಿ ಪುದೀನ ಶರಬತ್ತು ಕುಡಿಯುತ್ತಿದ್ದರು. ನಗುವಾಗ ಗಂಡನಿಗೆ ನೆತ್ತಿಗೇರಿತು.

"ಹಾಗಾದ್ರೆ ನೀವು ಎಲ್ಲೂ ಹೋಗೇ ಇಲ್ವಾ ಮದಾಂ?"

"ಹೋದ್ರೆ ಮನೆ ಓಡಿಹೋಗುತ್ತಲ್ಲ!"

ಇನ್ನಷ್ಟು ನಕ್ಕರು. ನಾನೂ ನಕ್ಕೆ.

ಲೋಟ ತೊಳೆದಿಟ್ಟೆ. ಬೆಟ್ಟದ ಸುರಂಗ ತೆರೆದಿದ್ದಾರೆ. ಚಳಿಗಾಲದಲ್ಲಿ ಅದು ಬಾವಲಿಗಳ ಮಲಗುವ ಕೋಣೆ, ಯಾರನ್ನೂ ಬಿಡುವುದಿಲ್ಲ. ಇನ್ನು ದಕ್ಷಿಣದವರು ಬರಲು ಶುರು.

ಏಪ್ರಿಲ್ 19

ಸೈಕಲ್ಲಿಗೆ ಹೊಸ ಟಯರು, ಹೊಸ ಬ್ರೇಕು. ಸೀಟು ಹಳೆಯದೇ ಇರಲಿ ಎಂದೆ, ನನಗೆ ಒಗ್ಗಿದೆ. ಬ್ರೆಡ್ಡು ತರಲು ಚೌಕದವರೆಗೆ ಹೋಗಿ ಬರುತ್ತಿದ್ದ ಸೈಕಲ್ಲು. ಈಗ ಹಿಂದೆ ಎರಡು ಚೀಲ ಬೇರೆ ಕಟ್ಟಿಸಿಕೊಂಡು, ಸಂತೆಗೆ ಹೊರಟ ಕತ್ತೆಯಂತೆ ನಿಂತಿದೆ.

ಬೆರ್ತ್ ಬಂದಳು. ಪಕ್ಕದ ಹೊಲದವಳು, ಮೇಕೆ ಸಾಕುತ್ತಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು, ನಾಲಿಗೆ ಮಾತ್ರ ಹದಿನಾರರದು.

"ಇದೇನೇ ಜೊಸೆಟ್, ಮದುಮಗಳ ಹಾಗೆ ಸಿಂಗಾರ ಮಾಡ್ಸಿದೀಯ? ಸೈಕಲ್ಲಿಗೋ ನಿಂಗೋ ಮದುವೆ?"

"ಸುಮ್ನಿರು ಮಾರಾಯ್ತಿ."

"ಆ ದಕ್ಷಿಣದ ಹಣ್ಣಿನ ತೋಟದವನು ತಾನೇ?"

ಬಗ್ಗಿ ಬ್ರೇಕು ಹಿಡಿದು ನೋಡಿದೆ. ಅವಳಿಗೆ ಅಷ್ಟೇ ಸಾಕಿತ್ತು.

ಹೌದು, ಅವರೇ. ಅರ್ಮಾನ್. ರೋನ್ ನದಿಯ ದಂಡೆಯಲ್ಲಿ, ಲಾ ತುರೆಟ್ ಎಂಬ ಊರಲ್ಲಿ ಏಪ್ರಿಕಾಟ್ ತೋಟ. ಹೆಂಡತಿ ತೀರಿಕೊಂಡ ಮೇಲೆ ಪ್ರತಿ ವರ್ಷ ಮೇ ತಿಂಗಳಲ್ಲಿ ಸೈಕಲ್ ಹತ್ತಿ ಉತ್ತರದಲ್ಲಿರುವ ಅಕ್ಕನ ಮನೆಗೆ ಹೋಗುತ್ತಾರೆ. ಕಾರು ಇಲ್ಲದ ದಾರಿಯಲ್ಲೇ. ಮೊದಲು ನದಿಯ ಪಕ್ಕ, ಆಮೇಲೆ ನಮ್ಮ ಹಳೇ ರೈಲುದಾರಿ. ಇಲ್ಲಿ ಒಂದು ರಾತ್ರಿ ಹಿಂದಿನ ಕೋಣೆಯಲ್ಲಿ ಉಳಿಯುತ್ತಾರೆ. ಬರುವಾಗೊಮ್ಮೆ, ಹೋಗುವಾಗೊಮ್ಮೆ. ವರ್ಷಕ್ಕೆ ಎರಡು ಸಂಜೆ. ಅಷ್ಟರಲ್ಲೇ ಎಷ್ಟೊಂದು ಮಾತಾಡಿದ್ದೇವೆ! ರೋಜೆಯ ಜೊತೆ ಸಂಸಾರ ಮಾಡಿದಷ್ಟೂ ವರ್ಷ ಅಷ್ಟು ಆಡಿರಲಿಲ್ಲವೇನೋ. ಪಾಪ, ತೀರಿಹೋದವನು, ಒಳ್ಳೆಯವನೇ. ಅಂಚೆಯವನು. ಊರೂರಿನ ಮಾತು ಹೊತ್ತು ತಂದು ಕೊಟ್ಟು, ಮನೆಗೆ ಬರುವಾಗ ಖಾಲಿ.

ಹೋದ ವರ್ಷ ಹಿಂದಿರುಗುವಾಗ ಅರ್ಮಾನ್ ಮೇಕೆಗಿಣ್ಣು ಕೊಯ್ಯುತ್ತಾ, ತಲೆ ಎತ್ತದೆ ಹೇಳಿದ್ದು:

"ಮುಂದಿನ ವರ್ಷ ನಿಮ್ಮ ಸೈಕಲ್ ತಯಾರಿರಲಿ ಜೊಸೆಟ್. ಅಕ್ಕನ ಮನೆಯಿಂದ ತಿರುಗಿ ಬರುವಾಗ ಜೊತೆಗೆ ಕರ್ಕೊಂಡು ಹೋಗ್ತೀನಿ. ನಮ್ಮೂರು ನೋಡಿ. ಹಿಡಿಸಿದ್ರೆ ಸಮುದ್ರದವರೆಗೂ ಹೋಗೋಣ. ಅದೂ ಹಿಡಿಸಿದ್ರೆ... ಈಗ್ಲೇ ಉತ್ತರ ಬೇಡ. ಬೆಳಿಗ್ಗೆ ನಾನು ಹೊರಡುವಾಗ ಹೇಳಿ."

ಬೆಳಿಗ್ಗೆ ಬಾಯಿಂದ ಮಾತು ಹೊರಡಲಿಲ್ಲ. ಅಷ್ಟು ವರ್ಷ ಕೈ ಕುಲುಕಿ ಕಳಿಸಿದವಳು, ಹತ್ತಿರದವರಿಗೆ ಕೊಡುವ ಹಾಗೆ ಮುತ್ತಿಗೆ ಕೆನ್ನೆ ಕೊಟ್ಟೆ. ಎಡಕ್ಕೊಂದು, ಬಲಕ್ಕೊಂದು. ಅಷ್ಟರಲ್ಲಿ ಬ್ರೆಡ್ಡಿನ ವ್ಯಾನು ಹಾರನ್ ಹೊಡೆಯಿತು, ತಿರುಗಿದೆ. ಬೆನ್ನ ಹಿಂದೆ ಅವರು ಹೇಳಿದ್ದು ಕೇಳಿಸಿತು: "ಸರಿ. ಅರ್ಥ ಆಯ್ತು."

ಅರ್ಥ ಆಯ್ತು ಎಂದರಲ್ಲ! ಚಳಿಗಾಲ ಪೂರ್ತಿ ಅದೊಂದು ಮಾತು ಹೊದ್ದು ಮಲಗಿದ್ದೇನೆ.

ಮೇ 1

ಕಾಡಂಚಿನಲ್ಲಿ ಬಿಳಿ ಗಂಟೆಹೂ ಅರಳಿದೆ. ಇವತ್ತು ಕೊಟ್ಟವರಿಗೂ ಪಡೆದವರಿಗೂ ಒಳ್ಳೆಯದಾಗುತ್ತದೆ. ಬೆರ್ತ್‌ಗೊಂದು ಗೊಂಚಲು, ಬ್ರೆಡ್ಡಿನವನಿಗೊಂದು, ದಾರಿಯಲ್ಲಿ ಬಂದವರಿಗೆಲ್ಲ ಒಂದೊಂದು. ಹಿಂದಿನ ಕೋಣೆಯ ಮೇಜಿನ ಮೇಲೂ ಒಂದು ಲೋಟದಲ್ಲಿ.

ಹಾಸಿಗೆ ಬಿಸಿಲಿಗೆ ಹಾಕಿದ್ದೆ. ಸುಣ್ಣಬಣ್ಣ ಒಂದು ಬಾಕಿ.

ಮೇ 8

ಹೂ ಬಾಡಿತು. ಬೇರೆ ಇಟ್ಟೆ.

ಮೇ 13

ವರ್ಷದ ಕೊನೆಯ ಚಳಿ ತರುವ ಹಿಮದ ಸಂತರ ಮೂರು ದಿನ ಮುಗಿಯಿತು. ಇನ್ನು ಇಬ್ಬನಿ ಹೆಪ್ಪುಗಟ್ಟುವುದಿಲ್ಲ, ಟೊಮೆಟೊ ಸಸಿ ನೆಡಬಹುದು. ಅವರು ಯಾವಾಗಲೂ ಈ ಸಂತರಿಗಿಂತ ಮೊದಲೇ ಬಂದು, ನನ್ನ ಸಸಿಗಳನ್ನು ನೋಡಿ, "ನಮ್ಮಲ್ಲಿ ಆಗಲೇ ಕಾಯಿ ಬಿಟ್ಟಿದೆ" ಎಂದು ಹೊಟ್ಟೆ ಉರಿಸುತ್ತಿದ್ದರು.

ಒಬ್ಬಳೇ ನೆಟ್ಟೆ.

ದಿನವಿಡೀ ದಕ್ಷಿಣದಿಂದ ಸೈಕಲ್ಲುಗಳು. ಈ ದಾರಿಯ ಒಂದು ಕಷ್ಟ ಇದು. ರೈಲುದಾರಿಯಾದ್ದರಿಂದ ನೇರ. ಬರುವವರು ಬಲು ದೂರದಿಂದಲೇ ಕಾಣುತ್ತಾರೆ. ಮೊದಲು ಒಂದು ಚುಕ್ಕಿ. ಚುಕ್ಕಿ ಇರುವಷ್ಟು ಹೊತ್ತು ಅದು ಯಾರು ಬೇಕಾದರೂ ಆಗಿರಬಹುದು.

ಮೇ 14

ಇಲ್ಲ.

ಮೇ 21

ಬೆರ್ತ್: "ಫೋನ್ ಮಾಡು."

"ನಂಬರಿಲ್ಲ."

"ಇಲ್ವಾ? ಟಯರಿಗೆ ಗಾಳಿ ಎಷ್ಟು ಅಂತ ಬಂದವರನ್ನೆಲ್ಲ ಕೇಳ್ತೀಯ. ನಂಬರ್ ಕೇಳೋಕೆ ಏನಾಗಿತ್ತು ರೋಗ?"

ಕೇಳಬಹುದಿತ್ತು. ಆದರೆ ಕೇಳಿದ್ದರೆ ಆ ಎರಡು ಸಂಜೆಗಳು ಏನಾಗುತ್ತಿದ್ದವು? ಪುಡಿ ಪುಡಿ ಮಾತಾಗಿ ವರ್ಷವಿಡೀ ಚೆಲ್ಲಿಹೋಗುತ್ತಿದ್ದವು... ಇದೆಲ್ಲ ಈಗ ಕಟ್ಟಿಕೊಂಡ ನೆಪ. ಆಗ ನಾಚಿಕೆಯಾಗಿತ್ತು, ಅಷ್ಟೇ.

ಮನಸ್ಸು ಬದಲಾಯಿಸಿರಬೇಕು. ಅಲ್ಲೇ ಯಾರಾದರೂ ಸಿಕ್ಕಿರಬೇಕು. ಒಳ್ಳೆಯದೇ. ಏಪ್ರಿಕಾಟ್ ತೋಟದವನಿಗೆ ಗೇಟುಮನೆಯ ಮುದುಕಿ ಯಾಕೆ?

ಸೈಕಲ್ಲಿನ ಚೀಲ ಬಿಚ್ಚಿ ಅಟ್ಟದ ಮೇಲಿಟ್ಟೆ.

ಮೇ 29

 ಮೊದಲಿನಿಂದ ಬರೆಯುತ್ತೇನೆ.

ಮಧ್ಯಾಹ್ನ ಒಬ್ಬಳು ಬಂದಳು, ರೆಜೀನ್. ಗಟ್ಟಿ ಹೆಂಗಸು, ಗಟ್ಟಿ ಗಂಟಲು. ಚೈನು ಕಳಚಿಕೊಂಡಿತ್ತು. ಇಬ್ಬರೂ ಕೈ ಕಪ್ಪು ಮಾಡಿಕೊಂಡು ಹಾಕಿದೆವು. ಶರಬತ್ತು ಕುಡಿದಳು, ಊಟವನ್ನೂ ಮಾಡಿದಳು. ಅಮ್ಮನ ಕಥೆಗೆ ಮೇಜು ಗುದ್ದಿ ನಕ್ಕಳು. ಹೊರಡುವಾಗ "ಬಾರೇ ತಾಯಿ" ಎಂದು ಕೆನ್ನೆಗೆ ಕೆನ್ನೆ ತಾಗಿಸಿದಳು. ಎಡಕ್ಕೊಂದು. ಬಲಕ್ಕೊಂದು. ನಾನು ತಿರುಗಿದೆ. ಅವಳ ಮುಖ ಮಾತ್ರ ಗಾಳಿಯಲ್ಲೇ ಉಳಿಯಿತು, ತುಟಿ ಮುಂದೆ ಚಾಚಿಕೊಂಡು.

"ಏಯ್! ಇನ್ನೊಂದು ಯಾರಿಗೆ ಬಿಟ್ಟೆ?"

"ನಮ್ಮಲ್ಲಿ ಎರಡೇ."

"ಅಯ್ಯೋ ನಿಮ್ಮ ಜಿಪುಣತನವೇ! ನಮ್ಮ ಕಡೆ ಮೂರು. ಎರಡಕ್ಕೇ ಮುಖ ತಿರುಗಿಸಿದ್ರೆ, 'ಸಾಕು, ಇನ್ನು ಬರಬೇಡ' ಅಂದ ಹಾಗೆ. ನಮ್ಮತ್ತೆಗೆ ಪಕ್ಕದ ಮನೆಯವಳು ಮೂರನೇದು ತಪ್ಪಿಸಿದ್ಲು. ಸಾಯೋವರೆಗೂ ನಮ್ಮತ್ತೆ ಅವಳ ಹೊಸಿಲು ತುಳೀಲಿಲ್ಲ."

"ನಿಮ್ಮ ಕಡೆ ಅಂದ್ರೆ ಎಲ್ಲಿ?"

"ಲಿಯೋನ್ ದಾಟಿ ಕೆಳಗೆ, ರೋನ್ ದಂಡೆ. ಏಪ್ರಿಕಾಟ್ ನಾಡು."

ನಾನು ಬೆಂಚಿನ ಮೇಲೆ ಕುಸಿದೆ. "ಏನಾಯ್ತೇ? ಬಿಸಿಲು ಬಡೀತಾ?" ಎಂದು ತನ್ನ ಬಾಟಲಿ ನೀರನ್ನೇ ನನ್ನ ತಲೆಗೆ ಸುರಿದಳು.

ಅರ್ಥ ಆಯ್ತು. ಅವರಿಗೆ ಅರ್ಥವಾದದ್ದು ಇದು. ನಾನು ಹೂಂ ಎಂದಿದ್ದೆ. ಅವರು ಊಹೂಂ ಎಂದು ಕೇಳಿಸಿಕೊಂಡರು. ಊಹೂಂ ಎಂದವಳ ಮನೆಯ ಮುಂದೆ ಯಾವ ಮರ್ಯಾದಸ್ಥ ಗಂಡಸು ಹಾದುಹೋಗುತ್ತಾನೆ? ಈ ಸಲ ಅಕ್ಕನ ಮನೆಗೆ ರೈಲಿನಲ್ಲೇ ಹೋಗಿರಬೇಕು, ಕಿಟಕಿಯಿಂದ ಈ ಕಡೆ ನೋಡದೆ.

ಮೇ 31

ಬೆರ್ತ್‌ಗೆ ಹೇಳಿದೆ. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಹಾಲು ಕರೆಯುವುದನ್ನು ನಿಲ್ಲಿಸಿ ಮೇಕೆಯ ಬೆನ್ನ ಮೇಲೆ ಗಲ್ಲ ಊರಿದಳು.

"ಕಾಗದ ಬರಿ."

"ಏನಂತ? 'ಮಾನ್ಯರೇ, ತಮಗೆ ಒಂದು ಮುತ್ತು ಬಾಕಿ ಇದೆ' ಅಂತಲಾ?"

ಆಗ ನಕ್ಕಳು. ಮೇಕೆ ಗಾಬರಿಯಾಗಿ ಬಕೆಟ್ಟು ಒದೆಯಿತು.

"ಹಾಗಾದ್ರೆ ಹೋಗು. ನೀನೇ ಹೋಗು ಕಣೇ."

"ಮನೆ?"

"ಮನೆಗೆ ನಾನು ಹಗ್ಗ ಕಟ್ತೀನಿ. ಮೇಕೆ ಕಟ್ಟೋದಿಲ್ವಾ?"

ಜೂನ್ 3

ಅಟ್ಟದಿಂದ ಚೀಲ ಇಳಿಸಿದೆ. ಮತ್ತೆ ಹತ್ತಿಸಿದೆ. ಮತ್ತೆ ಇಳಿಸಿದೆ.

ಅರ್ಮಾನ್ ಅವರು, ಅರ್ಮಾನ್ ಅವರು ಎಂದು ಬರೆಯುತ್ತೇನೆ, ಯಾರೋ ಓದುತ್ತಾರೆ ಎಂಬಂತೆ. ಇಲ್ಲಾದರೂ ಅವನು ಎನ್ನಬಾರದೇ? ಅವನು. ಅವನು. ಬರೆದು ನೋಡಿದೆ. ಏನೂ ಆಗಲಿಲ್ಲ, ಕಿವಿ ಬಿಸಿಯಾಯಿತು ಅಷ್ಟೇ.

ಜೂನ್ 6

ಹೊರಟೆ!

ಬೆರ್ತ್ ಬೀಗದ ಕೈ ಈಸಿಕೊಂಡಳು, ಗಿಣ್ಣಿನ ಗಂಟು ಕೊಟ್ಟಳು. "ದಾರಿಯಲ್ಲಿ ತಿಂದು ಮುಗಿಸ್ಬೇಡ, ಅವನಿಗೂ ಒಂದು ಉಳಿಸು" ಎಂದಳು. ಕಣ್ಣೊರೆಸಿಕೊಂಡು ಮೇಕೆಗೆ ಬೈದಳು.

ಹಿಂದೆ ತಿರುಗಿ ನೋಡಿದೆ. ಮನೆ ಇದ್ದಲ್ಲೇ ಇತ್ತು.

ಸುರಂಗ. ಚಿಕ್ಕವಳಿದ್ದಾಗ ರೈಲಿನಲ್ಲಿ ದಾಟಿದ್ದೆ, ಅಮ್ಮನ ಲಂಗದಲ್ಲಿ ಮುಖ ಹುದುಗಿಸಿಕೊಂಡು. ಆಮೇಲೆ ಪಟ್ಟಣಕ್ಕೆ ಹೋದದ್ದೆಲ್ಲ ಬಸ್ಸಿನಲ್ಲಿ, ಬೆಟ್ಟ ಸುತ್ತಿಕೊಂಡು. ಇವತ್ತು ಸೈಕಲ್ಲಿನಲ್ಲಿ. ಒಳಗೆ ನೆಲಮಾಳಿಗೆಯ ತಂಪು. ದೀಪ ಇದೆ, ಆದರೂ ಎದೆ ಡವಡವ. ಮುಂದೆ ಅಂಗಿಯ ಗುಂಡಿಯಷ್ಟು ಬೆಳಕು, ಅಷ್ಟೇ ಇರುತ್ತದೆ, ದೊಡ್ಡದಾಗುವುದೇ ಇಲ್ಲ. ಹಾಡು ಹೇಳಿಕೊಂಡೆ. ಸುರಂಗ ನನಗಿಂತ ಚೆನ್ನಾಗಿ ಹಾಡಿತು.

ಹೊರಗೆ ಬಂದರೆ ದ್ರಾಕ್ಷಿ ತೋಟ, ಬಿಸಿಲು. ಅದೇ ಬಿಸಿಲು, ಅದೇ ದ್ರಾಕ್ಷಿ. ಆದರೂ ಬೇರೆ. ಸೈಕಲ್ ನಿಲ್ಲಿಸಿ ಸುಮ್ಮನೆ ನಿಂತೆ. ಇಷ್ಟು ವರ್ಷ ಬಂದವರೆಲ್ಲ ಇದನ್ನು ನೋಡಿಕೊಂಡೇ ನನ್ನ ಬಾಗಿಲಿಗೆ ಬರುತ್ತಿದ್ದರು. ಒಬ್ಬರೂ ಹೇಳಲಿಲ್ಲವಲ್ಲ! ಹೇಳಿರಬಹುದು. ನಾನು ಲೋಟ ತೊಳೆಯುತ್ತಿದ್ದಿರಬೇಕು.

ಜೂನ್ 9

ಸೋನ್ ನದಿಯ ಪಕ್ಕ. ಎತ್ತುಗಳಂತೆ ನಿಧಾನವಾದ ನದಿ. ಒಂದು ಕಾಲದಲ್ಲಿ ದೋಣಿ ಎಳೆಯುವ ಕುದುರೆಗಳು ನಡೆದ ದಾರಿಯಂತೆ. ನಾನೂ ಅವುಗಳ ವೇಗದಲ್ಲೇ ಹೋಗುತ್ತಿದ್ದೇನೆ. ಎಲ್ಲರೂ ಗಂಟೆ ಬಾರಿಸಿ ಮುಂದೆ ಹೋಗುತ್ತಾರೆ. ಇವತ್ತು ಒಂದು ಬಾತುಕೋಳಿಯೂ.

ಸೀಟಿನ ಬಗ್ಗೆ ಬರೆಯುವುದಿಲ್ಲ. ಒಗ್ಗಿದ ಸೀಟಂತೆ!

ಸಂಜೆ ಮರದ ಕೆಳಗೆ ಬ್ರೆಡ್ಡು, ಗಿಣ್ಣು. ಅವನು ಇಲ್ಲೇ ಎಲ್ಲೋ ಕೂತಿರುತ್ತಾನೆ, ಪ್ರತಿ ಮೇ ತಿಂಗಳು. ಯಾವ ಬೆಂಚು? ಎಲ್ಲ ಬೆಂಚುಗಳ ಮೇಲೂ ಸ್ವಲ್ಪ ಸ್ವಲ್ಪ ಹೊತ್ತು ಕೂತೆ.

ಜೂನ್ 13

ಲಿಯೋನ್ ದಾಟಿದ್ದಾಯಿತು. ಹೇಗೆ ಎಂದು ಕೇಳಬಾರದು. ಎರಡು ನದಿ ಕೂಡುವಲ್ಲಿ ನಿಂತು ನೋಡಿದೆ. ನಮ್ಮ ಸೋನ್ ಹಸಿರು, ರೋನ್ ನೀಲಿ. ಸ್ವಲ್ಪ ದೂರ ಬೇರೆ ಬೇರೆಯಾಗೇ ಹರಿಯುತ್ತವೆ, ಪರಿಚಯ ಇಲ್ಲದವರ ಹಾಗೆ. ಆಮೇಲೆ ನೋಡಿದರೆ ಯಾವುದು ಯಾವುದೋ.

ಎದುರು ಗಾಳಿ ಇಲ್ಲ. ಇಲ್ಲಿಯ ಗಾಳಿ ಉತ್ತರದಿಂದ ಬೀಸುತ್ತದೆ, ಬೆನ್ನಿಗೆ ಕೈ ಇಟ್ಟು ನೂಕಿದ ಹಾಗೆ. ಅಂದರೆ ಅವನು ನನ್ನ ಮನೆಗೆ ಬರುತ್ತಿದ್ದುದು ಇದರ ವಿರುದ್ಧ. ಪ್ರತಿ ಸಲ. ಒಮ್ಮೆಯೂ ಗಾಳಿಯ ಸುದ್ದಿ ಎತ್ತಲಿಲ್ಲ.

ಜೂನ್ 18, ಸಂಜೆ

ಇಲ್ಲಿಗೇ ಮುಗಿಯಿತು ಎಂದು ಕಾಣುತ್ತದೆ.

ನದಿ ದಂಡೆ ಕುಸಿದು ದಾರಿ ಮುಚ್ಚಿದ್ದಾರೆ. ಅಡ್ಡಕ್ಕೆ ಕಬ್ಬಿಣದ ತಡೆ. ಲಾ ತುರೆಟ್ ಬೆಳಗಿನ ಹೊತ್ತು ಮುಗಿಯುವಷ್ಟರಲ್ಲಿ ತಲುಪುವ ದೂರ, ಆದರೆ ಅಲ್ಲಿಯವರೆಗೆ ಹೆದ್ದಾರಿಯಲ್ಲೇ ಹೋಗಬೇಕು. ಮಧ್ಯಾಹ್ನ ಹೋಗಲು ನೋಡಿದೆ. ಒಂದು ಲಾರಿ ಪಕ್ಕದಲ್ಲಿ ಹಾದು ಹೋಯಿತು, ಅದರ ಗಾಳಿಗೆ ಸೈಕಲ್ಲು ಸಮೇತ ಚರಂಡಿಗೆ ಬಿದ್ದೆ. ಮೊಣಕಾಲು ತರಚಿದೆ. ವರ್ಷಾನುಗಟ್ಟಲೆ ಗೇಟಿನ ಈ ಕಡೆ ನಿಂತು ಗಾಡಿಗಳನ್ನು ತಡೆದವಳ ಮಗಳು ನಾನು. ಗಾಡಿಗಳ ನಡುವೆ ಹೋಗುವುದು ರಕ್ತದಲ್ಲೇ ಇಲ್ಲ. ಸೈಕಲ್ ತಳ್ಳಿಕೊಂಡು ಹಿಂದೆ ಬಂದೆ.

ಸೈಕಲ್ಲಿನವರು ಉಳಿಯುವ ತೋಟದ ಮನೆಯೊಂದಿದೆ. ಊಟಕ್ಕೆ ಒಂದೇ ಉದ್ದ ಮೇಜು. ಎಲ್ಲರೂ ಉತ್ತರಕ್ಕೆ ಹೊರಟವರು — ಹಾಲೆಂಡಿನ ಗಂಡ ಹೆಂಡತಿ, ವಿಮ್ ಮತ್ತು ಟಿನೆಕೆ. ಲಿಯೋನಿನ ನಾದಿರ್, ನಗರದ ಬಸ್ಸಿನ ಡ್ರೈವರು.

"ವರ್ಷವೆಲ್ಲ ಸೈಕಲ್ಲಿನವರಿಗೆ ಬೈತೀನಿ ಮದಾಂ. ರಜದಲ್ಲಿ ಒಂದು ವಾರ ಸೈಕಲ್ ತುಳಿದು ಪಾಪ ಕಳ್ಕೋತೀನಿ."

ನನ್ನ ಮೊಣಕಾಲು ನೋಡಿ ಟಿನೆಕೆ ಎದ್ದು ಬಂದು ತೊಳೆದು ಪಟ್ಟಿ ಕಟ್ಟಿದಳು. ಎಲ್ಲಿಗೆ ಹೊರಟಿರಿ ಎಂದಳು. ನಾಳೆ ರೈಲು ಹತ್ತಿ ವಾಪಸ್ಸು ಎಂದೆ. ಅದನ್ನು ಕೇಳಲಿಲ್ಲ, ಎಲ್ಲಿಗೆ ಹೊರಟಿದ್ದಿರಿ ಎಂದಳು.

ಹೇಳಿಬಿಟ್ಟೆ. ಅಮ್ಮನ ಕಥೆಯಲ್ಲ. ನನ್ನದು. ಬ್ರೆಡ್ಡಿನ ವ್ಯಾನು, ಎರಡು ಕೆನ್ನೆ, ಅರ್ಥ ಆಯ್ತು, ಎಲ್ಲ. ಹೇಳುತ್ತಾ ಹೇಳುತ್ತಾ ಅದು ಬೇರೆ ಯಾರದೋ ಕಥೆ ಎನ್ನಿಸಿ ಧೈರ್ಯ ಬಂತು. ಕೊನೆಗೆ ಬಂದಾಗ ಮತ್ತೆ ನನ್ನದೇ ಆಯಿತು.

 ವಿಮ್ ಹೆಂಡತಿಯನ್ನು ಕೇಳಿದ: "ನಮ್ಮಲ್ಲಿ ಎಷ್ಟು?"

"ಮೂರು. ಮದುವೆಯಾಗಿ ಮೂವತ್ತು ವರ್ಷ ಆಯ್ತು, ಈಗ ಕೇಳ್ತಾನೆ!"

ನಾದಿರ್ ನಗಲಿಲ್ಲ. "ಅಲ್ಲ ಮದಾಂ, ಅವರು ನಿಜವಾಗ್ಲೂ ಬೇಡ ಅಂದ್ಕೊಂಡಿದ್ರೆ? ಈ ಒಂದು ವರ್ಷದಲ್ಲಿ ಮನಸ್ಸು ಕಲ್ಲಾಗಿದ್ರೆ?"

"ಆಗಿರಬಹುದು," ಎಂದೆ. "ಆದ್ರೆ ನನ್ನ ಬಾಯಿಂದ ಹೊರಡದ ಮಾತು ಕೇಳಿ ಕಲ್ಲಾಗಬಾರದು ನೋಡಿ. ನಾನು ಹೂಂ ಅಂದದ್ದು ಅವನಿಗೆ ಗೊತ್ತಾಗಲಿ. ಆಮೇಲೆ ಅವನಿಷ್ಟ."

ಹೇಳಿದ ಮೇಲೆ ತಿಳಿಯಿತು, ಇಷ್ಟು ದೂರ ಬಂದದ್ದು ಇದಕ್ಕೆ. ತಿಳಿದು ಏನು? ಲಾರಿಗಳಿಗೆ ಗೊತ್ತಾಗಬೇಕಲ್ಲ.

ಜೂನ್ 19

ಬೆಳಿಗ್ಗೆ ಅಂಗಳಕ್ಕೆ ಬಂದೆ. ರೈಲಿನ ಹೊತ್ತು ಕೇಳೋಣವೆಂದು.

ನಾಲ್ಕು ಸೈಕಲ್ಲು ಸಾಲಾಗಿ ನಿಂತಿದ್ದವು. ನಡುವೆ ನನ್ನದು, ಟಯರಿಗೆ ಗಾಳಿ ತುಂಬಿಸಿಕೊಂಡು. ನಾಲ್ಕರ ಮುಖವೂ ದಕ್ಷಿಣಕ್ಕೆ.

"ನಿಮ್ಮ ದಾರಿ ಆ ಕಡೆ ಅಲ್ವಾ?" ಎಂದೆ.

"ಒಂದು ಸುತ್ತು ಹಾಕಿದ್ರೆ ಭೂಮಿ ಬೀಳಲ್ಲ," ಎಂದ ವಿಮ್.

ನಾದಿರ್ ಹಳದಿ ಜಾಕೆಟ್ಟು ತೊಟ್ಟು, ಮದುವೆ ಮೆರವಣಿಗೆಯ ಯಜಮಾನನಂತೆ ನಿಂತಿದ್ದ. "ನಾನು ಹಿಂದೆ ಇರ್ತೀನಿ, ರಸ್ತೆಯ ನಟ್ಟ ನಡುವೆ. ಬಸ್ಸಿನಷ್ಟೇ ಅಗಲ ಇರೋದು ಹೇಗೆ ಅಂತ ಗೊತ್ತು ನಂಗೆ. ಲಾರಿಯವರು ಹಾರನ್ ಹೊಡೀಲಿ, ಅವರ ಭಾಷೆ ನಂಗೆ ಬರುತ್ತೆ. ನೀವು ಟಿನೆಕೆಯ ಹಿಂದಿನ ಚಕ್ರ ಒಂದೇ ನೋಡಿ ಮದಾಂ. ಬೇರೆ ಏನೂ ನೋಡ್ಬೇಡಿ."

ಹಾಗೇ ಮಾಡಿದೆ. ಟಿನೆಕೆಯ ಹಿಂದಿನ ಚಕ್ರ. ಕೆಸರಿನ ಒಂದು ಚುಕ್ಕೆ ಸುತ್ತುತ್ತಾ ಸುತ್ತುತ್ತಾ. ಬೆನ್ನ ಹಿಂದೆ ಹಾರನ್ನು, ನಾದಿರನ ಬೈಗುಳ, ಮತ್ತೆ ಹಾರನ್ನು. ಒಂದು ಲಾರಿಯವನಂತೂ ಕೊನೆಗೆ ಸೋತು, ನಮ್ಮ ಹಿಂದೆಯೇ ನಿಧಾನಕ್ಕೆ ಉರುಳಿಸಿಕೊಂಡು ಬಂದ, ಆನೆ ಹಬ್ಬಕ್ಕೆ ಬಂದ ಹಾಗೆ.

ಲಾ ತುರೆಟ್. ಮುರುಕು ಗೋಪುರ, ಅದರ ಕೆಳಗೆ ತೋಟಗಳು. ಮಾತಿನ ಭರದಲ್ಲಿ ಅವನ ಗೇಟು ದಾಟಿ ಮುಂದೆ ಬಂದುಬಿಟ್ಟಿದ್ದೆವು. ಹಣ್ಣು ಮಾರುವ ಹೆಂಗಸೊಬ್ಬಳು ಹೇಳಿದಳು: "ಅರ್ಮಾನನ ಮನೆ ಹಿಂದೆ ಬಿಟ್ರಿ. ನೀಲಿ ಗೇಟು. ಚಳಿಗಾಲದಲ್ಲಿ ಏಣಿಯಿಂದ ಬಿದ್ದು ಸೊಂಟ ಮುರ್ಕೊಂಡ. ಆಸ್ಪತ್ರೆಯಿಂದ ಬಂದು ಇನ್ನೂ ತಿಂಗಳಾಗಿಲ್ಲ."

ಸೊಂಟ. ನಾನು ಏನೇನೆಲ್ಲ ನೆನೆಸಿದೆ!

ಮೂವರೂ ಇಲ್ಲಿಂದಲೇ ತಿರುಗಿದರು. ಗೇಟಿನವರೆಗೂ ಬನ್ನಿ ಎಂದೆ. ಟಿನೆಕೆ ಬೇಡ ಎಂದು ತಲೆಯಾಡಿಸಿ, ನನ್ನ ಕಾಲರು ಸರಿ ಮಾಡಿದಳು.

ಈಗ ಗೇಟಿನಿಂದ ಸ್ವಲ್ಪ ಆಚೆ, ದಕ್ಷಿಣದ ಬದಿಯ ಮೋಟುಗೋಡೆಯ ಮೇಲೆ ಕೂತಿದ್ದೇನೆ. ಉಸಿರು ಹತೋಟಿಗೆ ಬರಲಿ ಎಂದು ಬರೆಯುತ್ತಿದ್ದೇನೆ. ಏಪ್ರಿಕಾಟಿನ ವಾಸನೆ. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ, ಒಂದು ಅಕ್ಷರ ನೆನಪಿಲ್ಲ.

ಗೇಟು ಕಿರುಗುಟ್ಟಿತು. ಅವನೇ. ಕೋಲು ಊರಿಕೊಂಡು, ಒಂದೊಂದೇ ಹೆಜ್ಜೆ. ತೆಳ್ಳಗಾಗಿದ್ದಾನೆ. ನನ್ನನ್ನು ನೋಡಿಲ್ಲ. ರಸ್ತೆಗೆ ಬಂದು ನಿಂತ. ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಾನೆ. ನಾದಿರನ ಹಳದಿ ಜಾಕೆಟ್ಟು ದೂರದಲ್ಲಿ ಚುಕ್ಕಿಯಾಗುತ್ತಿದೆ, ಅದನ್ನಲ್ಲ. ಅದು ಮರೆಯಾದ ಮೇಲೂ ನೋಡುತ್ತಲೇ ಇದ್ದಾನೆ. ಉತ್ತರಕ್ಕೆ. ನಮ್ಮ ಊರಿನ ಕಡೆಗೆ.

ನಾನು ಅವನ ಬೆನ್ನ ಹಿಂದೆಯೇ, ಕೂಗಿದರೆ ಕೇಳುವಷ್ಟು ಹತ್ತಿರ. ಪುಸ್ತಕ ಮುಚ್ಚಿ ಕೂಗುತ್ತೇನೆ.